ಶುಗರ್ ಇರುವವರ ಪಾದ: ನೋವು ಹೇಳದ ಅಪಾಯವನ್ನು ಕಣ್ಣು, ಕೈಯಿಂದ ಹಿಡಿಯುವ ಬಗೆ

ಹವಾಯಿ ಚಪ್ಪಲಿಯ ಅಟ್ಟೆ ತೂರಿಕೊಂಡು ಮೊಳೆಯೊಂದು ಅಂಗಾಲಿಗೆ ಹೊಕ್ಕಿರುತ್ತದೆ. ಆ ಮನುಷ್ಯ ಬೆಳಗ್ಗಿನಿಂದ ಸಂಜೆಯವರೆಗೆ ಅದರ ಮೇಲೆಯೇ ಓಡಾಡಿರುತ್ತಾನೆ. ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಕಂಡು ಹೆಂಡತಿ ಕೇಳಿದ ಮೇಲೆಯೇ ಅವನಿಗೆ ಗೊತ್ತಾಗುವುದು. ಸಕ್ಕರೆ ಕಾಯಿಲೆಯವರ ಪಾದ ನೋಡುವ ಯಾವ ಕ್ಲಿನಿಕ್ಕಿಗೂ ಇದು ಹೊಸದಲ್ಲ. ‘ನೋವೇ ಇರಲಿಲ್ಲ ಡಾಕ್ಟ್ರೇ, ಅದಕ್ಕೇ ಬರಲಿಲ್ಲ’ ಎನ್ನುವ ಮಾತು ಅಲ್ಲಿ ದಿನವೂ ಕೇಳಿಸುತ್ತದೆ. ಈ ಕಾಯಿಲೆಯಲ್ಲಿ ನೋವಿಲ್ಲದ ಗಾಯಕ್ಕೇ ಹೆಚ್ಚು ಹೆದರಬೇಕು. ನೋವು ಮಾಡಬೇಕಿದ್ದ ಕಾವಲಿನ ಕೆಲಸವನ್ನು ಕಣ್ಣು ಮತ್ತು ಕೈ ಹೇಗೆ ವಹಿಸಿಕೊಳ್ಳಬೇಕು, ಯಾವಾಗ ಗಂಟೆ ಲೆಕ್ಕದಲ್ಲಿ ಓಡಬೇಕು, ಗಾಯವಾದ ಮೇಲೆ ತಿಂಗಳುಗಟ್ಟಲೆ ಹೇಗೆ ಬದುಕಬೇಕು ಎಂಬುದು ಈ ಬರಹದ ವಿಷಯ.

ಪಾದದಲ್ಲಿ ಏನು ಕೆಡುತ್ತದೆ

ಮೊದಲು ನರ. ವರ್ಷಗಟ್ಟಲೆ ಏರಿದ ಸಕ್ಕರೆಗೆ ಅತಿ ಉದ್ದದ ನರಗಳು ಮೊದಲು ಸೋಲುತ್ತವೆ, ಹಾಗಾಗಿ ತೊಂದರೆ ಬೆರಳ ತುದಿಯಿಂದ ಶುರುವಾಗಿ ಕಾಲುಚೀಲದ ಹಾಗೆ ಮೇಲಕ್ಕೇರುತ್ತದೆ. ಸ್ಪರ್ಶದ ನರ ಹೋದರೆ ಜೋಮು, ಉರಿ, ಕೊನೆಗೆ ಏನೂ ತಿಳಿಯದ ಸ್ಥಿತಿ. ಪಾದದೊಳಗಿನ ಸಣ್ಣ ಸ್ನಾಯುಗಳ ನರ ಹೋದರೆ ಬೆರಳು ಕೊಕ್ಕೆಯಂತೆ ಬಾಗಿ, ಬೆರಳ ಬುಡದ ಮೂಳೆ ಕೆಳಗೆ ಒತ್ತಿ ನಿಲ್ಲುತ್ತದೆ. ಬೆವರಿನ ನರ ಹೋದರೆ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಒತ್ತುವ ಮೂಳೆ, ಒಣ ಚರ್ಮ, ತಿಳಿಯದ ನೋವು ಮೂರೂ ಸೇರಿದ ಜಾಗದಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡಿನ ಕೆಳಗೇ ರಕ್ತ ಹೆಪ್ಪುಗಟ್ಟಿ, ಒಳಗಿಂದ ಹುಣ್ಣು ಹೊರಗೆ ಬರುತ್ತದೆ.

ಎರಡನೆಯದು ರಕ್ತನಾಳ ಕಿರಿದಾಗುವುದು, ಮೂರನೆಯದು ಸೋಂಕು. ಉರಿ, ಜೋಮಿಗೆ ಕೊಡುವ ಪ್ರೆಗಾಬಲಿನ್, ಡುಲಾಕ್ಸೆಟಿನ್‌ನಂಥ ಮಾತ್ರೆ ಉರಿಯನ್ನು ತಗ್ಗಿಸುತ್ತವೆಯೇ ಹೊರತು ಹೋದ ಸ್ಪರ್ಶವನ್ನು ತರುವುದಿಲ್ಲ. ಉರಿ ನಿಂತಿತೆಂದರೆ ಪಾದ ಸರಿಹೋಯಿತೆಂದು ಅರ್ಥವಲ್ಲ, ಕೆಲವೊಮ್ಮೆ ನರ ಪೂರ್ತಿ ಸತ್ತಾಗಲೂ ಉರಿ ನಿಲ್ಲುತ್ತದೆ. ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರು ಒಮ್ಮೆ ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸಬೇಕು. ಅದರ ಕೊರತೆಯೂ ಇದೇ ಬಗೆಯ ಜೋಮು ತರುತ್ತದೆ, ಆದರೆ ಅದಕ್ಕೆ ಚಿಕಿತ್ಸೆ ಸುಲಭ.

ಸಕ್ಕರೆ ಕಾಯಿಲೆಯವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣಾಗುವ ಸಂಭವ 19ರಿಂದ 34%. ಈ ಕಾಯಿಲೆಯಿಂದ ಕಾಲು ಕತ್ತರಿಸಬೇಕಾದ ಪ್ರಕರಣಗಳಲ್ಲಿ ಸುಮಾರು 85% ಆರಂಭವಾಗುವುದು ಇಂಥ ಒಂದು ಹುಣ್ಣಿನಿಂದಲೇ.

ಸ್ಪರ್ಶ ಇದೆಯೋ ಇಲ್ಲವೋ: ಎರಡು ನಿಮಿಷದ ಪರೀಕ್ಷೆ

ಇದಕ್ಕೆ ಉಪಕರಣ ಬೇಡ, ಮನೆಯ ಇನ್ನೊಬ್ಬರ ತೋರುಬೆರಳು ಸಾಕು. ವೈದ್ಯರ ನಡುವೆ ಇದಕ್ಕೆ ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎಂದು ಹೆಸರು.

1. ಕಾಯಿಲೆ ಇರುವವರು ಕಾಲುಚೀಲ ತೆಗೆದು, ಕಾಲು ಚಾಚಿ ಮಲಗಿ, ಕಣ್ಣು ಮುಚ್ಚಲಿ. ಮುಟ್ಟಿದ್ದು ಗೊತ್ತಾದ ಕೂಡಲೇ ‘ಬಲ’ ಅಥವಾ ‘ಎಡ’ ಎನ್ನಬೇಕು.
2. ಪರೀಕ್ಷಿಸುವವರು ತಮ್ಮ ತೋರುಬೆರಳ ತುದಿಯನ್ನು ಕಾಲ್ಬೆರಳ ತುದಿಗೆ ಹಗುರವಾಗಿ 1ರಿಂದ 2 ಸೆಕೆಂಡು ಇಟ್ಟು ತೆಗೆಯಬೇಕು. ಒತ್ತಬಾರದು, ತಟ್ಟಬಾರದು, ಸವರಬಾರದು.
3. ಕ್ರಮ: ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು.
4. ಪ್ರತಿ ಬೆರಳಿಗೂ ಒಂದೇ ಅವಕಾಶ. ‘ಈಗ ಗೊತ್ತಾಯ್ತಾ?’ ಎಂದು ಕೇಳಿದರೆ ಪರೀಕ್ಷೆ ಕೆಟ್ಟಂತೆ, ಏಕೆಂದರೆ ಮನೆಯವರನ್ನು ಸಮಾಧಾನಪಡಿಸಲು ಹೆಚ್ಚಿನವರು ‘ಹೂಂ’ ಅಂದುಬಿಡುತ್ತಾರೆ.

ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ತಪ್ಪಿದರೆ ಕಾಪಾಡುವ ಸ್ಪರ್ಶ ಹೋಗಿದೆಯೆಂದೇ ಹಿಡಿದು ವೈದ್ಯರಲ್ಲಿಗೆ ಹೋಗಿ.

ಅಲ್ಲಿ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅದು ಬಾಗುವಷ್ಟು ಮಾತ್ರ ಒತ್ತಿ ನೋಡುತ್ತಾರೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಮೂಳೆಯ ಮೇಲಿಟ್ಟು ಕಂಪನ ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ, ಪಾದದ ನಾಡಿ ಮುಟ್ಟುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿಯಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಾಗಲಿ ಖಾಸಗಿಯಲ್ಲಾಗಲಿ, ಶುಗರ್ ಮಾತ್ರೆ ಬರೆಸಿಕೊಂಡು ಏಳುವ ಮುನ್ನ ‘ಪಾದ ಒಮ್ಮೆ ನೋಡಿ’ ಎಂದು ಚಪ್ಪಲಿ ಬಿಚ್ಚಿಬಿಡಿ. ಕೇಳದಿದ್ದರೆ ಎಷ್ಟೋ ಕಡೆ ನೋಡುವುದಿಲ್ಲ.

ಸ್ಪರ್ಶವೂ ರಕ್ತಸಂಚಾರವೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಇಲ್ಲವೇ ಒಂದರ ಜೊತೆ ಪಾದದ ಆಕಾರವೂ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ. ಇಂಥ ಪಾದದಲ್ಲಿ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ ಅಥವಾ ಕಿಡ್ನಿ ಪೂರ್ತಿ ಸೋತಿದ್ದರೆ 1ರಿಂದ 3 ತಿಂಗಳಿಗೊಮ್ಮೆ.

ದಿನಕ್ಕೊಂದು ನೋಟ

ರಾತ್ರಿ ಮಲಗುವ ಮುನ್ನ, ಒಳ್ಳೆಯ ಬೆಳಕಿನಲ್ಲಿ. ಬೆಳಿಗ್ಗೆಗಿಂತ ರಾತ್ರಿ ಮೇಲು, ದಿನವಿಡೀ ಆದದ್ದು ಆಗ ಕಾಣುತ್ತದೆ. ಅಂಗಾಲು ನೋಡಲು ನೆಲದ ಮೇಲೆ ಕನ್ನಡಿಯಿಟ್ಟು ಪಾದವನ್ನು ಅದರ ಮೇಲೆ ಹಿಡಿಯಿರಿ. ಬಾಗಲಾಗದವರು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಬಹುದು, ನಿನ್ನೆಯದಕ್ಕೆ ಹೋಲಿಸಲೂ ಬರುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರ ಪಾದವನ್ನು ಮನೆಯ ಬೇರೆಯವರೇ ನೋಡಬೇಕು. ಇದರಲ್ಲಿ ಸಂಕೋಚ ಬೇಡ.

ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ನಾಲ್ಕನೆಯ ಮತ್ತು ಕಿರುಬೆರಳ ನಡುವೆ ಚರ್ಮ ಬೆಳ್ಳಗೆ ನೆನೆದು ಬಿರಿದಿದ್ದರೆ ಅದು ಶಿಲೀಂಧ್ರದ ಸೋಂಕು, ಕೀವಿನ ಸೋಂಕು ಒಳಹೊಗಲು ಅದೇ ಬಾಗಿಲು. ಗದ್ದೆಯಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ದಿನವಿಡೀ ನೀರಿನಲ್ಲಿ ನಿಲ್ಲುವವರಲ್ಲಿ ಇದು ಹೆಚ್ಚು. ಹಿಮ್ಮಡಿಯ ಬಿರುಕಿನಲ್ಲಿ ರಕ್ತದ ಗೆರೆ ಇದೆಯೇ, ಬೆರಳ ಬುಡದ ಉಬ್ಬಿನ ಮೇಲೆ ಜಡ್ಡು ಇದೆಯೇ, ಆ ಜಡ್ಡಿನೊಳಗೆ ಕಪ್ಪು ಅಥವಾ ಕಂದು ಚುಕ್ಕೆ ಇದೆಯೇ ನೋಡಿ. ಅಂಥ ಚುಕ್ಕೆಯೆಂದರೆ ಒಳಗೆ ರಕ್ತ ಇಳಿದಿದೆ, ಹುಣ್ಣು ಶುರುವಾಗಿದೆ. ಚರ್ಮ ಒಡೆದಿಲ್ಲ ಎಂದು ಬಿಡಬೇಡಿ, ಆ ವಾರವೇ ತೋರಿಸಿ.

ನಮ್ಮ ಮೈಬಣ್ಣದಲ್ಲಿ ಪುಸ್ತಕ ಹೇಳುವ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಗಾಢವಾದ ಬಣ್ಣ, ಹೊಳಪು, ಬಿಗಿತ, ಬಿಸಿ, ಇವನ್ನು ಹುಡುಕಬೇಕು. ಬಿಸಿ ನೋಡಲು ಅಂಗೈ ಬೇಡ, ಕೈಯ ಹಿಂಬದಿಯನ್ನು ಎರಡೂ ಪಾದಗಳ ಒಂದೇ ಜಾಗಕ್ಕೆ ಒಂದಾದ ಮೇಲೊಂದು ತಾಗಿಸಿ. ಕೊರೊನಾ ಕಾಲದಲ್ಲಿ ಕೊಂಡ ಗನ್ ಥರ್ಮಾಮೀಟರ್ ಮನೆಯಲ್ಲಿದ್ದರೆ ಅದನ್ನು ವಸ್ತುವಿನ ಮೇಲ್ಮೈ ಅಳೆಯುವ ಮೋಡ್‌ಗೆ ಹಾಕಿ, ಎರಡು ಪಾದಗಳ ಒಂದೇ ಬಿಂದುವನ್ನು ಅಳೆಯಬಹುದು. 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಸತತ ಎರಡು ದಿನ ಕಂಡರೆ ನಡಿಗೆ ತಗ್ಗಿಸಿ ವೈದ್ಯರನ್ನು ಕಾಣಿ.

ತೊಳೆಯುವುದು, ಉಗುರು, ಆಣಿ

ಬಿಸಿನೀರನ್ನು ಪಾದದಿಂದ ಪರೀಕ್ಷಿಸಬೇಡಿ, ಮೊಣಕೈಯಿಂದ ನೋಡಿ. ನೀರು 37 ಡಿಗ್ರಿಗಿಂತ ಬಿಸಿಯಿರಬಾರದು. ತೊಳೆದು ಬೆರಳ ಸಂದನ್ನು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಟಬ್ಬಿನಲ್ಲಿ ಉಪ್ಪುನೀರು ಹಾಕಿ ಅರ್ಧ ಗಂಟೆ ಕಾಲು ನೆನೆಸುವ ಅಭ್ಯಾಸ ಬಿಡಿ: ನೆನೆದ ಚರ್ಮ ಸುಲಭವಾಗಿ ಹರಿಯುತ್ತದೆ, ಸ್ಪರ್ಶವಿಲ್ಲದ ಕಾಲು ಸುಟ್ಟರೂ ತಿಳಿಯುವುದಿಲ್ಲ. ಬಿಸಿನೀರಿನ ಚೀಲ, ಇಟ್ಟಿಗೆ ಶಾಖ, ಹೀಟಿಂಗ್ ಪ್ಯಾಡ್‌ಗಳಿಗೂ ಇದೇ ಮಾತು. ಪಾದ ತಣ್ಣಗಿದ್ದರೆ ಸಡಿಲವಾದ ಕಾಲುಚೀಲ ಹಾಕಿ.

ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯಾದರೂ ಆಗುತ್ತದೆ, 10% ಯೂರಿಯಾ ಇರುವ ಕ್ರೀಮ್ ಇನ್ನೂ ಒಳ್ಳೆಯದು. ಹಿಮ್ಮಡಿ, ಅಂಗಾಲಿಗೆ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ ಮೂಲೆಯನ್ನು ಫೈಲ್‌ನಿಂದ ತೀಡಿ, ಮೂಲೆ ಕೊರೆದು ತೆಗೆಯಬೇಡಿ.

ಆಣಿ ಮತ್ತು ಜಡ್ಡಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಬ್ಲೇಡು ಹಾಕಬೇಡಿ, ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪ್ ಅಂಟಿಸಬೇಡಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂದು ನೋಡದೆ ಸುಡುತ್ತದೆ. ಹಾಗೆಂದು ಜಡ್ಡನ್ನು ಬಿಡುವಂತೆಯೂ ಇಲ್ಲ, ಅದು ಪಾದದ ಮೇಲಿನ ಒತ್ತಡ ಹೆಚ್ಚಿಸುತ್ತಲೇ ಹೋಗುತ್ತದೆ. ಪಾದದ ಕ್ಲಿನಿಕ್‌ನಲ್ಲಿ ಕೆಲವು ತಿಂಗಳಿಗೊಮ್ಮೆ ಕೆರೆಸಿಕೊಳ್ಳುವುದೇ ದಾರಿ.

ಚಪ್ಪಲಿ, ಮತ್ತು ಚಪ್ಪಲಿ ಬಿಡುವ ಜಾಗಗಳು

ಹವಾಯಿ ಚಪ್ಪಲಿಯಲ್ಲಿ ಮೂರು ದೋಷ: ಬೆರಳ ಸಂದಿನಲ್ಲಿ ಪಟ್ಟಿ ಉಜ್ಜುತ್ತದೆ, ಹಿಂದೆ ಪಟ್ಟಿಯಿಲ್ಲದ್ದರಿಂದ ಬೆರಳು ಅದನ್ನು ಕಚ್ಚಿ ಹಿಡಿಯಬೇಕು, ಮುಳ್ಳು ಮೊಳೆ ಸಲೀಸಾಗಿ ತೂರುತ್ತವೆ. ಸ್ಪರ್ಶ ಹೋದವರಿಗೆ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಎಂಬ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಬೇಕು. ಇದು ವೆಲ್ಲೂರಿನ ಕಡೆ ಕುಷ್ಠರೋಗಿಗಳ ಮರಗಟ್ಟಿದ ಪಾದಗಳ ಆರೈಕೆಯಲ್ಲಿ ಬೆಳೆದು ಬಂದದ್ದು. ಆ ಕಾರಣಕ್ಕೇ ಕೆಲವರು ಇಂದಿಗೂ ಹಾಕಿಕೊಳ್ಳಲು ಹಿಂಜರಿಯುತ್ತಾರೆ. ಈಗ ಮಾಮೂಲಿ ಸ್ಯಾಂಡಲ್‌ನಂತೆಯೇ ಕಾಣುವವು ಸಿಗುತ್ತವೆ.

ಕೊಳ್ಳುವಾಗ ಒಳ ಅಟ್ಟೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಸುಮಾರು ಅರ್ಧಕ್ಕೆ ಇಳಿದು, ಬಿಟ್ಟಾಗ ಮೇಲೇಳಬೇಕು. ಹೊರ ಅಟ್ಟೆ ಗಟ್ಟಿಯಿರಬೇಕು, ಹಿಂದೆ ಪಟ್ಟಿ, ಮುಂದೆ ಸಡಿಲಿಸಬಹುದಾದ ವೆಲ್ಕ್ರೊ ಇರಬೇಕು, ಮೊಳೆ ಹೊಡೆದಿರಬಾರದು. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಲಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಕೊಳ್ಳಿ. ಅಂಗಡಿಯಲ್ಲಿ ‘ಬಿಗಿ ಇಲ್ವಲ್ಲ’ ಎಂಬ ನಿಮ್ಮ ಅನಿಸಿಕೆಯನ್ನು ನಂಬಬೇಡಿ, ಸ್ಪರ್ಶ ಕಳೆದುಕೊಂಡವರು ಬಿಗಿಯಾದದ್ದನ್ನೇ ಸರಿಯೆಂದು ಆರಿಸುತ್ತಾರೆ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆಸಿ, ಕತ್ತರಿಸಿ, ಅದನ್ನು ಚಪ್ಪಲಿಯ ಮೇಲಿಟ್ಟು ನೋಡಿ. ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ತೆಗೆದು ಪಾದ ಪರೀಕ್ಷಿಸಿ. ಹಾಕುವ ಮುನ್ನ ಪ್ರತಿ ಸಲ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ಮಣಿಯೊಂದು, ಬಾಟಲಿ ಮುಚ್ಚಳವೊಂದು ಒಳಗಿದ್ದರೂ ದಿನವಿಡೀ ಅದರ ಮೇಲೆ ನಡೆದವರಿದ್ದಾರೆ.

ಮನೆಯೊಳಗೂ ಬರಿಗಾಲು ಬೇಡ. ಹೊರಗಿನ ಚಪ್ಪಲಿ ಒಳಗೆ ತರುವಂತಿಲ್ಲ ಎನ್ನುವ ಮನೆಗಳಲ್ಲಿ ಒಳಗಿಗೆಂದೇ ಒಂದು ಜೊತೆ ಎಂಸಿಆರ್ ಇಟ್ಟುಕೊಳ್ಳಿ. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಒಳಗೆ ದಪ್ಪ ಕಾಲುಚೀಲ ಹಾಕಿಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಕಲ್ಲುಹಾಸಿನ ಮೇಲಿನ ಪ್ರದಕ್ಷಿಣೆಯಲ್ಲಿ ಅಂಗಾಲ ತುಂಬ ಗುಳ್ಳೆ ಎದ್ದದ್ದು ಮನೆಗೆ ಬಂದ ಮೇಲಷ್ಟೇ ತಿಳಿಯುತ್ತದೆ. ಕೊಂಡ ಹಾಯುವುದು, ಬರಿಗಾಲಿನ ಪಾದಯಾತ್ರೆ ಇಂಥ ಪಾದಕ್ಕೆ ಖಂಡಿತ ಸಲ್ಲ, ಹರಕೆ ಇದ್ದರೆ ಬೇರೆ ರೀತಿಯಲ್ಲಿ ತೀರಿಸಿ. ಕಾಲುಂಗುರ ಬಿಗಿಯಾಗಿದ್ದು ಬೆರಳು ಊದುತ್ತಿದ್ದರೆ ಈಗಲೇ ತೆಗೆಸಿ. ಇಲಿ ಕಾಟವಿರುವ ಮನೆಯಲ್ಲಿ ನೆಲದ ಮೇಲೆ ಮಲಗುವವರು ಪಾದ ಮುಚ್ಚಿಕೊಳ್ಳಬೇಕು. ಸ್ಪರ್ಶವಿಲ್ಲದ ಬೆರಳನ್ನು ರಾತ್ರಿ ಇಲಿ ಕಡಿದರೂ ಎಚ್ಚರವಾಗುವುದಿಲ್ಲ.

ಗಾಯ ಕಂಡ ಮೊದಲ ಗಂಟೆ

ಕೈ ತೊಳೆದುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿಯಿಂದ ಗಾಯದ ಮೇಲೆ ಧಾರಾಳವಾಗಿ ಸುರಿದು ಕೊಳೆ ಹೋಗಿಸಿ. ಸಲೈನ್ ಇಲ್ಲದಿದ್ದರೆ ಶುದ್ಧವಾದ ಕುಡಿಯುವ ನೀರು ಸಾಕು. ಒಣ ಸ್ಟೆರೈಲ್ ಗಾಜ್ ಬಟ್ಟೆ ಇಟ್ಟು, ಅದರ ಮೇಲೆ ಸಡಿಲವಾಗಿ ಬ್ಯಾಂಡೇಜ್ ಸುತ್ತಿ. ಪೇಪರ್ ಟೇಪನ್ನು ಬೆರಳ ಸುತ್ತ ಉಂಗುರದಂತೆ ಸುತ್ತಬೇಡಿ, ಊತ ಬಂದರೆ ಅದೇ ರಕ್ತ ತಡೆಯುತ್ತದೆ. ಆ ಕಾಲಿನ ಮೇಲೆ ಭಾರ ಹಾಕುವುದನ್ನು ನಿಲ್ಲಿಸಿ, ಸಕ್ಕರೆ ಅಳೆಯಿರಿ, 24 ಗಂಟೆಯೊಳಗೆ ವೈದ್ಯರಿಗೆ ತೋರಿಸಿ. ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ಅಲ್ಲಿ ಕೇಳಿ.

ಅರಿಶಿನ, ಕಾಫಿಪುಡಿ, ಸುಣ್ಣ, ಬೂದಿ, ಸೊಪ್ಪಿನ ರಸ ಯಾವುದೂ ಬೇಡ. ಅವು ಗಾಯದ ತಳವನ್ನೇ ಮುಚ್ಚಿ, ಆಳ ಎಷ್ಟೆಂದು ನೋಡಲಾಗದಂತೆ ಮಾಡುತ್ತವೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ದಿನವೂ ಸುರಿದರೆ ಹೊಸದಾಗಿ ಚಿಗುರುವ ಮಾಂಸವೇ ಸಾಯುತ್ತದೆ. ಗುಳ್ಳೆಯನ್ನು ಸೂಜಿಯಿಂದ ಒಡೆಯಬೇಡಿ. ಅಂಗಡಿಯವರು ಕೊಟ್ಟ ಮೂರು ದಿನದ ಆಂಟಿಬಯೋಟಿಕ್ ನುಂಗಿ ಕಾಯಬೇಡಿ. ಸೋಂಕಿಲ್ಲದ ಗಾಯಕ್ಕೆ ಆಂಟಿಬಯೋಟಿಕ್ ಬೇಕಾಗಿಯೇ ಇಲ್ಲ, ಸೋಂಕಿದ್ದರೆ ಅಷ್ಟು ಸಾಲುವುದಿಲ್ಲ.

ಅಂಗಾಲಿನ ಹುಣ್ಣು ಒಣಗದಿರಲು ಕಾರಣ ನಡಿಗೆ

ತಿಂಗಳುಗಟ್ಟಲೆ ಡ್ರೆಸ್ಸಿಂಗ್, ದುಬಾರಿ ಜೆಲ್, ಪೌಡರ್, ಆದರೂ ಹುಣ್ಣು ಹಾಗೆಯೇ. ಇಂಥವರನ್ನು ‘ಆಸ್ಪತ್ರೆಗೆ ಹೇಗೆ ಬಂದಿರಿ?’ ಎಂದು ಕೇಳಿದರೆ ‘ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದೆ’ ಎನ್ನುತ್ತಾರೆ. ಉಳಿದದ್ದೆಲ್ಲ ಸರಿಯಿದ್ದೂ ಭಾರ ತಪ್ಪಿಸದಿದ್ದರೆ ಅಂಗಾಲಿನ ಹುಣ್ಣು ಮಾಯುವುದಿಲ್ಲ. ಸ್ಪರ್ಶವಿರುವವರು ಅಂಥ ಗಾಯದ ಮೇಲೆ ಕಾಲೂರುವುದೇ ಇಲ್ಲ, ಕುಂಟುತ್ತಾರೆ. ಇಲ್ಲಿ ಆ ಕುಂಟುವಿಕೆಯನ್ನು ಹೊರಗಿನಿಂದ ಕಟ್ಟಿಕೊಡಬೇಕು.

ಪಾದದ ಮುಂಭಾಗ, ನಡುಭಾಗದ ಹುಣ್ಣಿಗೆ ಮೊದಲ ಆಯ್ಕೆ ಮೊಣಕಾಲ ಕೆಳಗಿನಿಂದ ಬೆರಳವರೆಗೆ ಹಾಕುವ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎಂಬ ಪ್ಲಾಸ್ಟರು. ಮುರಿದ ಮೂಳೆಗೆ ಹಾಕುವ ಪ್ಲಾಸ್ಟರಿನಷ್ಟು ದಪ್ಪ ಹತ್ತಿ ಒಳಗಿರುವುದಿಲ್ಲ. ಕಾಲಿನ ಆಕಾರಕ್ಕೆ ಸರಿಯಾಗಿ ಅಂಟಿ ಕೂತು, ಭಾರವನ್ನು ಪಾದದಗಲಕ್ಕೂ ಮೀನಖಂಡಕ್ಕೂ ಹಂಚುತ್ತದೆ. ಮೊದಲನೆಯದನ್ನು ಕೆಲವೇ ದಿನಗಳಲ್ಲಿ ಬದಲಿಸಬೇಕು, ಊತ ಇಳಿದು ಸಡಿಲವಾದರೆ ಒಳಗೇ ಉಜ್ಜಿ ಹೊಸ ಗಾಯ ಮಾಡುತ್ತದೆ. ಆಮೇಲೆ ಒಂದೆರಡು ವಾರಕ್ಕೊಮ್ಮೆ. ತೀವ್ರ ಸೋಂಕು ಅಥವಾ ರಕ್ತಸಂಚಾರದ ಗಂಭೀರ ಕೊರತೆ ಇದ್ದರೆ ಇದನ್ನು ಹಾಕುವುದಿಲ್ಲ, ಮೊದಲು ಅವನ್ನು ಸರಿಪಡಿಸಬೇಕು.

ಬಿಚ್ಚಬಹುದಾದ ಬೂಟೇ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅಂಥ ಬೂಟು ಪಡೆದ ರೋಗಿಗಳ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿದ ಅಧ್ಯಯನವೊಂದರಲ್ಲಿ ದಿನದ ನಡಿಗೆಯ 28% ಮಾತ್ರ ಬೂಟಿನೊಂದಿಗೆ ಆಗಿತ್ತು. ಮನೆಯೊಳಗೆ ಎಲ್ಲರೂ ಬಿಚ್ಚಿಬಿಡುತ್ತಾರೆ, ಮನೆಯೊಳಗೇ ಹೆಚ್ಚು ನಡೆಯುತ್ತಾರೆ. ಬಿಚ್ಚಲಾಗದ ಸಾಧನವನ್ನೇ ವೈದ್ಯರು ಒತ್ತಾಯಿಸುವುದು ಅದಕ್ಕೇ.

ಮನೆಯಲ್ಲಿ ಕೆಲಸ ಕೆಡುವ ಜಾಗಗಳನ್ನು ಮೊದಲೇ ಸರಿಮಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಬರಿಗಾಲಲ್ಲಿ ಇಡುವ ಹತ್ತಿಪ್ಪತ್ತು ಹೆಜ್ಜೆ ವಾರದ ಲಾಭವನ್ನು ತಿಂದುಹಾಕುತ್ತದೆ, ಹಾಗಾಗಿ ಮಂಚದ ಪಕ್ಕ ವಾಕರ್ ಮತ್ತು ಯೂರಿನ್ ಪಾಟ್ ಇರಲಿ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರಗಾಲಲ್ಲಿ ಕೂತರೆ ಮೈಭಾರವೆಲ್ಲ ಪಾದದ ಮುಂಭಾಗಕ್ಕೇ ಬೀಳುತ್ತದೆ, ಕಮೋಡ್ ಕುರ್ಚಿ ತರಿಸಿ. ಸ್ನಾನಕ್ಕೆ ಸ್ಟೂಲಿನ ಮೇಲೆ ಕೂತು, ಕಾಸ್ಟ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಕಾಲನ್ನು ಹೊರಗೆ ಚಾಚಿ. ಕಾಸ್ಟ್‌ನಿಂದ ಒಂದು ಕಾಲು ಎತ್ತರವಾಗುವುದರಿಂದ ಇನ್ನೊಂದು ಚಪ್ಪಲಿಗೆ ಅಟ್ಟೆ ಸೇರಿಸಿ ಸಮ ಮಾಡಿಸಿ, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ, ಬೀಳುವ ಭಯವೂ ಇದೆ. ಹಾಸಿಗೆಯಲ್ಲೇ ಇರುವವರ ಹಿಮ್ಮಡಿ ಒತ್ತಿ ಹುಣ್ಣಾಗುತ್ತದೆ. ದಿಂಬನ್ನು ಮೀನಖಂಡದ ಕೆಳಗಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ.

ಬಾಗಿದ ಬೆರಳ ತುದಿಯ ಹುಣ್ಣಿಗೆ ಬೇರೆ ಉಪಾಯವಿದೆ: ಬೆರಳನ್ನು ಬಾಗಿಸುವ ಸ್ನಾಯುರಜ್ಜುವನ್ನು ಅಷ್ಟು ಜಾಗ ಮಾತ್ರ ಮರಗಟ್ಟಿಸಿ ಕತ್ತರಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಬೆರಳು ನೇರವಾಗಿ ಒತ್ತಡ ತಪ್ಪುತ್ತದೆ. ಇಂಥ ಹುಣ್ಣು ಮತ್ತೆ ಮತ್ತೆ ಬರುತ್ತಿದ್ದರೆ ವೈದ್ಯರನ್ನು ಕೇಳಿ ನೋಡಿ.

ವಾರಕ್ಕೊಮ್ಮೆ ಗಾಯದ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ನಾಲ್ಕು ವಾರದಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕಾದರೂ ಇಳಿಯದಿದ್ದರೆ ಅದೇ ಡ್ರೆಸ್ಸಿಂಗ್ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಭಾರ ತಪ್ಪುತ್ತಿದೆಯೇ, ರಕ್ತ ಬರುತ್ತಿದೆಯೇ, ಮೂಳೆಗೆ ಸೋಂಕು ಇಳಿದಿದೆಯೇ ಎಂದು ಮೊದಲಿನಿಂದ ನೋಡಬೇಕು.

ಸೋಂಕು: ದಿನ ಎಣಿಸುವ ಹೊತ್ತಲ್ಲ

ಗಾಯದ ಸುತ್ತ ಊತ, ಬಿಸಿ, ಅರ್ಧ ಸೆಂಟಿಮೀಟರ್‌ಗಿಂತ ಅಗಲದ ಕೆಂಪು, ಮುಟ್ಟಿದರೆ ನೋವು, ಕೀವು, ಇವುಗಳಲ್ಲಿ ಯಾವುದೇ ಎರಡಿದ್ದರೆ ಸೋಂಕು ಎಂದೇ ಲೆಕ್ಕ. ಕೆಂಪು ಅಥವಾ ಗಾಢ ಬಣ್ಣದ ಅಂಚನ್ನು ಪೆನ್ನಿನಿಂದ ಗುರುತಿಸಿ, ಸಮಯ ಬರೆದಿಡಿ. ಅದು ಗಾಯದಿಂದ 2 ಸೆಂಟಿಮೀಟರ್ ದಾಟಿದ್ದರೆ, ಇಲ್ಲವೇ ಕೆಲವೇ ಗಂಟೆಗಳಲ್ಲಿ ಪೆನ್ನಿನ ಗೆರೆ ಮೀರಿದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ.

ಹಗಲಿರಲಿ ರಾತ್ರಿಯಿರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು:

- ಚಳಿಜ್ವರ, ವಾಂತಿ, ಗೊಂದಲದ ಮಾತು, ನಿಮಿಷಕ್ಕೆ 90 ದಾಟಿದ ನಾಡಿ, ಏದುಸಿರು
- ಕೊಳೆತ ವಾಸನೆ, ಬೂದು ಬಣ್ಣದ ನೀರು ಸೋರುವುದು, ಒತ್ತಿದರೆ ಚರ್ಮದಡಿ ಗಾಳಿ ಚರಪರ ಎನ್ನುವುದು
- ಒಂದೇ ದಿನದಲ್ಲಿ ಕಪ್ಪು, ನೇರಳೆ ಆದ ಬೆರಳು, ಅಥವಾ ಹಠಾತ್ತನೆ ತಣ್ಣಗಾಗಿ ಬಿಳಿಚಿದ ಪಾದ
- ಅಂಗಾಲಿನ ನಡುವಿನ ಕುಳಿ ತುಂಬಿ ಉಬ್ಬುವುದು. ಒಳಗೆ ಕೀವು ಮಡುಗಟ್ಟಿದೆ ಎಂದರ್ಥ, ಹೊರಗೆ ಗಾಯ ಸಣ್ಣದಾಗಿಯೇ ಕಾಣಬಹುದು

ಜ್ವರ ಇಲ್ಲದ್ದನ್ನು ನೆಚ್ಚಿಕೊಳ್ಳಬೇಡಿ. ಪಾದದೊಳಗೆ ಕೀವು ತುಂಬಿದ್ದರೂ ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಜ್ವರ ಬರುವುದಿಲ್ಲ. ಊಟ, ಔಷಧಿ ಎಂದಿನಂತೆಯೇ ಇದ್ದು ಸಕ್ಕರೆ ಮಾತ್ರ ಸಟ್ಟನೆ ಏರಿದ್ದರೆ ಕಾಲುಚೀಲ ತೆಗೆದು ಪಾದ ನೋಡಿ, ಎಷ್ಟೋ ಸಲ ಮೊದಲ ಸುಳಿವು ಅದೇ. 108ಕ್ಕೆ ಕರೆ ಮಾಡಿ, ಔಷಧಿ ಚೀಟಿ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ವರದಿ ಜೊತೆಗಿಟ್ಟುಕೊಳ್ಳಿ.

ಬೆರಳೊಂದು ಇಡಿಯಾಗಿ ದಪ್ಪಗೆ ಊದಿ ಕೆಂಪಾಗಿದ್ದರೆ, ಅಥವಾ ಗಾಯದೊಳಗೆ ವೈದ್ಯರು ಇಳಿಸಿದ ಲೋಹದ ಕಡ್ಡಿ ಗಟ್ಟಿ ಮೂಳೆಗೆ ತಾಗಿದರೆ ಮೂಳೆಯ ಸೋಂಕಿನ ಶಂಕೆ. ಎಕ್ಸ್‌ರೇಯಲ್ಲಿ ಅದು ಕಾಣಲು ಎರಡು ಮೂರು ವಾರ ಬೇಕು, ಹಾಗಾಗಿ ಮೊದಲ ಎಕ್ಸ್‌ರೇ ಚೆನ್ನಾಗಿದ್ದರೆ ನಿಶ್ಚಿಂತೆಯಿಂದ ಇರುವಂತಿಲ್ಲ. ಶಸ್ತ್ರಕ್ರಿಯೆ ಇಲ್ಲದೆ ಔಷಧಿಯಲ್ಲೇ ವಾಸಿ ಮಾಡುವುದಾದರೆ ಸುಮಾರು ಆರು ವಾರದ ಆಂಟಿಬಯೋಟಿಕ್ ಬೇಕಾಗುತ್ತದೆ. ಯಾವ ಔಷಧಿ ಎಂಬುದು ತೊಳೆದ ಗಾಯದ ತಳದಿಂದ ತೆಗೆದ ಮಾಂಸ ಅಥವಾ ಮೂಳೆಯ ಚೂರಿನಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ನಿಂದ ಗೊತ್ತಾಗಬೇಕು. ಮೇಲಿನ ಕೀವನ್ನು ಹತ್ತಿಯಿಂದ ಒರೆಸಿ ಕಳಿಸಿದ ಸ್ಯಾಂಪಲ್ ದಾರಿ ತಪ್ಪಿಸುತ್ತದೆ.

ರಕ್ತ ತಲುಪುತ್ತಿದೆಯೇ

ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವುದು. ರಾತ್ರಿ ಪಾದ ನೋಯ್ದು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುವುದು. ಕಾಲೆತ್ತಿದಾಗ ಬಿಳಿಚಿ, ಇಳಿಬಿಟ್ಟಾಗ ಗಾಢ ಕೆಂಪಾಗುವುದು. ಇವು ರಕ್ತನಾಳ ಕಿರಿದಾದ ಗುರುತು. ಆದರೆ ನರ ಸತ್ತವರಿಗೆ ಈ ನೋವೂ ಬರುವುದಿಲ್ಲ, ಅವರಲ್ಲಿ ಒಣಗದ ಗಾಯವೇ ಮೊದಲ ಲಕ್ಷಣ.

ಎಬಿಐ ಪರೀಕ್ಷೆಯಲ್ಲಿ ಹರಡಿನ (ಪಾದದ ಕೀಲಿನ) ಹತ್ತಿರದ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುತ್ತಾರೆ. ಹರಡಿನಲ್ಲಿ 90, ತೋಳಿನಲ್ಲಿ 140 ಇದ್ದರೆ 0.64. 0.9ಕ್ಕಿಂತ ಕಡಿಮೆಯಾದರೆ ಅಡಚಣೆ ಇದೆ. ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗುವುದರಿಂದ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ಬರಬಹುದು. 1.3 ದಾಟಿದರೆ ನಂಬದೆ ಕಾಲ್ಬೆರಳಿನ ರಕ್ತದೊತ್ತಡ ಅಳೆಸಬೇಕು. ಬೆರಳಲ್ಲಿ 30ಕ್ಕಿಂತ ಕಡಿಮೆ ಇದ್ದು ಹುಣ್ಣೂ ಇದ್ದರೆ ತುರ್ತಾಗಿ ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್‌ರನ್ನು ಕಾಣಬೇಕು, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ರಕ್ತ ಹರಿಸಿದ ಮೇಲೆಯೇ ಗಾಯ ಮಾಯುವುದು. ಬೀಡಿ, ಸಿಗರೇಟ್ ಆ ದಿನವೇ ನಿಲ್ಲಬೇಕು.

ಒಣಗಿ ಕಪ್ಪಾದ ಬೆರಳನ್ನು ನೀರಲ್ಲಿ ನೆನೆಸಬೇಡಿ, ಮುಲಾಮು ಹಚ್ಚಬೇಡಿ, ಒಣಗಿಯೇ ಇಟ್ಟು ಬೇಗ ರಕ್ತಸಂಚಾರದ ಪರೀಕ್ಷೆ ಮಾಡಿಸಿ. ಅದು ಒದ್ದೆಯಾಗಿ ವಾಸನೆ ಬಂದರೆ ಮೇಲಿನ ತುರ್ತು ಪಟ್ಟಿಗೆ ಸೇರಿತು.

ಗಾಯವಿಲ್ಲದೆ ಊದಿದ ಬಿಸಿ ಪಾದ

ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ತಿಳಿಯುವುದು ಇದನ್ನೇ. ಒಂದು ಪಾದ ಊದಿದೆ, ಕೆಂಪಾಗಿದೆ, ಮುಟ್ಟಿದರೆ ಬಿಸಿ, ಚರ್ಮ ಎಲ್ಲೂ ಒಡೆದಿಲ್ಲ, ನೋವು ಅಷ್ಟಕ್ಕಷ್ಟೆ. ಉಳುಕು, ಗೌಟ್, ರಕ್ತ ಹೆಪ್ಪು, ಸೋಂಕು ಎಂದೆಲ್ಲ ಔಷಧಿ ನಡೆಯುತ್ತದೆ, ರೋಗಿ ಓಡಾಡುತ್ತಲೇ ಇರುತ್ತಾನೆ. ಇದು ಶಾರ್ಕೊ ಪಾದ ಆಗಿರಬಹುದು. ಸ್ಪರ್ಶ ಕಳೆದ ಪಾದದೊಳಗೆ ಮೂಳೆಗಳು ಮೆತ್ತಗಾಗಿ, ನಡೆದಂತೆಲ್ಲ ಮುರಿದು, ಕೀಲು ಜಾರಿ, ಪಾದದ ಕಮಾನು ಕುಸಿದು ಅಂಗಾಲು ದೋಣಿಯ ತಳದಂತೆ ಉಬ್ಬುತ್ತದೆ.

ಒಂದು ಸುಳಿವು: ಮಲಗಿ ಕಾಲನ್ನು ಎದೆಗಿಂತ ಎತ್ತರದಲ್ಲಿ ಸುಮಾರು 10 ನಿಮಿಷ ಹಿಡಿದರೆ ಶಾರ್ಕೊ ಪಾದದ ಕೆಂಪು ಬಹುಮಟ್ಟಿಗೆ ಇಳಿಯುತ್ತದೆ, ಸೋಂಕಿನ ಕೆಂಪು ಹಾಗೆಯೇ ಉಳಿಯುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಮೊದಲ ವಾರಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಇರಬಹುದು, ಎಂಆರ್‌ಐ ಬೇಕಾಗಬಹುದು. ಗೊತ್ತಾಗುವವರೆಗೆ ಶಾರ್ಕೊ ಎಂದೇ ಹಿಡಿದು ಆ ಕಾಲಿನ ಮೇಲೆ ಒಂದು ಹೆಜ್ಜೆಯನ್ನೂ ಇಡದಿರುವುದು ಸುರಕ್ಷಿತ. ಚಿಕಿತ್ಸೆ ಮತ್ತೆ ಕಾಸ್ಟ್, ತಿಂಗಳುಗಟ್ಟಲೆ, ಎರಡೂ ಪಾದಗಳ ಬಿಸಿ ಸಮವಾಗಿ ಊತ ಇಳಿಯುವವರೆಗೆ. ಬೇಗ ಬಿಚ್ಚಿಸಿಕೊಂಡವರ ಪಾದ ಮತ್ತೆ ಕುಸಿಯುತ್ತದೆ.

ಕತ್ತರಿಸಬೇಕು ಎಂದಾಗ ಕೇಳಬೇಕಾದ್ದು

ಸಹಿ ಹಾಕುವ ಮುನ್ನ: ರಕ್ತಸಂಚಾರದ ಪರೀಕ್ಷೆ ಆಗಿದೆಯೇ, ನಾಳ ತೆರೆಯುವ ಅವಕಾಶ ಇದೆಯೇ? ಕೀವು ಹೊರಗೆ ತೆಗೆದು ಕಾದು ನೋಡಬಹುದೇ? ಬೆರಳು, ಪಾದದ ಅರ್ಧ, ಮೊಣಕಾಲ ಕೆಳಗೆ, ಇವುಗಳಲ್ಲಿ ಈ ಮಟ್ಟವೇ ಏಕೆ? ಮೊಣಕಾಲು ಉಳಿದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ, ಆದ್ದರಿಂದ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಪಡೆಯಿರಿ. ರೋಗಿ ಸ್ಥಿರವಾಗಿದ್ದರೆ ವ್ಯಾಸ್ಕ್ಯುಲರ್ ವಿಭಾಗವಿರುವ ಇನ್ನೊಂದು ಆಸ್ಪತ್ರೆಯ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದದ ಚಿಕಿತ್ಸೆಗೇ ಮೀಸಲಾದ ವಿಭಾಗವಿದೆ. ಆದರೆ ಸೋಂಕು ರಕ್ತಕ್ಕೇರಿ ಬಿಪಿ ಇಳಿಯುತ್ತಿರುವಾಗ ಊರೂರು ಸುತ್ತಬೇಡಿ, ಕಾಲು ಉಳಿಸಲು ಹೋಗಿ ಜೀವ ಹೋಗುತ್ತದೆ.

ಮಾಯ್ದ ಮೇಲೆ

ಗಾಯ ಮುಚ್ಚಿದವರಲ್ಲಿ ಸುಮಾರು 40% ಮಂದಿಗೆ ಒಂದೇ ವರ್ಷದಲ್ಲಿ, 65% ಮಂದಿಗೆ ಐದು ವರ್ಷದಲ್ಲಿ ಮತ್ತೆ ಹುಣ್ಣಾಗುತ್ತದೆ. ಹೊಸ ಚರ್ಮ ತೆಳು, ಅದನ್ನು ಒತ್ತುತ್ತಿದ್ದ ಮೂಳೆ ಅಲ್ಲೇ ಇದೆ. ಆದ್ದರಿಂದ ಕಾಸ್ಟ್ ಬಿಚ್ಚುವ ದಿನವೇ ಅಳತೆಗೆ ಮಾಡಿದ ಎಂಸಿಆರ್ ಚಪ್ಪಲಿ ಕೈಯಲ್ಲಿರಬೇಕು. ಅಳತೆ ಕೊಟ್ಟು ಮೂರು ವಾರ ಹಳೇ ಚಪ್ಪಲಿಯಲ್ಲಿ ಕಾಯುವ ಹೊತ್ತಿನಲ್ಲೇ ಎಷ್ಟೋ ಗಾಯ ಮತ್ತೆ ಬಾಯಿಬಿಡುತ್ತವೆ. ಮೊದಲ ವಾರ ಮನೆಯೊಳಗೆ ಮಾತ್ರ ನಡೆದು, ಪ್ರತಿ ನಡಿಗೆಯ ಬಳಿಕ ಮಾಯ್ದ ಜಾಗ ನೋಡಿ, ಆಮೇಲೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಬೆರಳೋ ಕಾಲೋ ಹೋದವರಲ್ಲಿ ಉಳಿದ ಕಾಲಿನ ಮೇಲೆ ಭಾರ ಹೆಚ್ಚಿರುತ್ತದೆ, ಅದರ ಅಂಗಾಲನ್ನೂ ಅಷ್ಟೇ ನಿಗಾ ಇಟ್ಟು ನೋಡಬೇಕು. ಕ್ಲಿನಿಕ್ಕಿಗೆ ಹೋಗುವಾಗ ಹೊಸ ಜೊತೆ ಮೆಟ್ಟಿಕೊಂಡು ಹೋಗಬೇಡಿ, ದಿನವೂ ಹಾಕುವುದನ್ನೇ ಹಾಕಿಕೊಂಡು ಹೋಗಿ. ಅಟ್ಟೆ ಸವೆದ ಜಾಗ ನೋಡಿಯೇ ಮುಂದಿನ ಹುಣ್ಣು ಎಲ್ಲಿ ಏಳಬಹುದೆಂದು ನೋಡುವವರು ಹೇಳಬಲ್ಲರು.